ಡಿಸ್ಕ್ ಬ್ರೇಕಿಗೆ ಎಣ್ಣೆ ತಗುಲಿದಾಗ: ದೋಷ ಪತ್ತೆ ಮತ್ತು ನಿವಾರಣೆ

ಬೆಳಗಾವಿ ಬಳಿಯ ಯಳ್ಳೂರಿನ ರಾಜಹಂಸಗಡ ಕೋಟೆಯಿಂದ ಇಳಿಯುವ ರಸ್ತೆಯಲ್ಲಿ ಒಂದು ಬೆಳಿಗ್ಗೆ ನನ್ನ ಸೈಕಲ್ಲಿನ ಹಿಂದಿನ ಬ್ರೇಕು ಇಡೀ ಗುಡ್ಡಕ್ಕೆ ಕೇಳುವಂತೆ ಕಿರುಚಿತು, ಆದರೆ ಗಾಲಿಯನ್ನು ಹಿಡಿಯಲಿಲ್ಲ. ಲಿವರು ಎಂದಿನಷ್ಟೇ ಗಟ್ಟಿಯಾಗಿತ್ತು, ಗಾಲಿಯೊಡನೆ ತಿರುಗುವ ಉಕ್ಕಿನ ತಟ್ಟೆ, ಅಂದರೆ ಡಿಸ್ಕ್, ಎಲ್ಲಿಯೂ ಬಾಗಿರಲಿಲ್ಲ, ಅದನ್ನು ಎರಡೂ ಬದಿಯಿಂದ ಒತ್ತುವ ಪ್ಯಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿತ್ತು. ಮುಂದಿನ ಬ್ರೇಕೊಂದನ್ನೇ ನಂಬಿ, ತಿರುವಿಗೊಮ್ಮೆ ನಿಂತು ನಿಂತು ಕೆಳಗೆ ಬಂದ ಮೇಲೆ ನೆನಪಾದದ್ದು ಹಿಂದಿನ ವಾರದ ಖಂಡೇಪೂಜೆ (ಆಯುಧಪೂಜೆ). ಮನೆಯ ವಾಹನಗಳನ್ನೆಲ್ಲ ತೊಳೆದು, ಹೊಳಪು ಬರಲೆಂದು ಎಣ್ಣೆಯ ಅರಿವೆಯಿಂದ ಉಜ್ಜಿ, ಕುಂಕುಮ ಹಚ್ಚುವಾಗ ಸೈಕಲ್ಲಿಗೂ ಅದೇ ಉಪಚಾರ ನಡೆದಿತ್ತು. ಮುಂದಿನ ಗಾಲಿಗೆ ಹೂವಿನ ಹಾರ ಬಿದ್ದಿದ್ದರಿಂದ ಅರಿವೆ ಅಲ್ಲಿಗೆ ಹೋಗಿರಲಿಲ್ಲ. ಹಿಂದಿನ ಡಿಸ್ಕ್ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು.

ಅಂದು ಡಿಸ್ಕ್ ತೊಳೆದು, ಪ್ಯಾಡುಗಳನ್ನು ಉಜ್ಜಿ, ಸರಿಹೋಯಿತೆಂದು ತಿಳಿದೆ. ಎರಡು ವಾರದೊಳಗೆ ಅದೇ ಕಿರುಚಾಟ ಮರಳಿತು. ಹೊಸ ಪ್ಯಾಡು ಹಾಕಿದೆ, ಅವೂ ಕೆಟ್ಟವು. ಪೂಜೆಯ ಎಣ್ಣೆ ಎಂದೋ ಹೋಗಿತ್ತು. ಅದರ ಹಿಂದೆ ಅಡಗಿಕೊಂಡು, ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗವಾದ ಕ್ಯಾಲಿಪರಿನ ಒಳಗಿನಿಂದ ಬೇರೊಂದು ಎಣ್ಣೆ ಜಿನುಗುತ್ತಿತ್ತು ಎಂಬುದು ತಿಳಿಯುವಷ್ಟರಲ್ಲಿ ಎರಡು ಜೊತೆ ಪ್ಯಾಡು ಹಾಳಾಗಿದ್ದವು. ಆದಕಾರಣ ಈ ಬರಹದಲ್ಲಿ ತೊಳೆಯುವ ಕೆಲಸಕ್ಕಿಂತ ಎಣ್ಣೆಯ ಮೂಲವನ್ನು ಹುಡುಕುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಎಣ್ಣೆ ಮಾಡುವ ಕೇಡು

ಪ್ಯಾಡು ಮತ್ತು ಉಕ್ಕಿನ ಡಿಸ್ಕ್ ಒಂದಕ್ಕೊಂದು ಉಜ್ಜಿದಾಗ ಹುಟ್ಟುವ ಘರ್ಷಣೆಯೇ ಬ್ರೇಕಿನ ಬಲ. ಕೆಲವು ದಿನ ಬಳಸಿದ ಬ್ರೇಕಿನಲ್ಲಿ ಪ್ಯಾಡಿನ ವಸ್ತುವೇ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರವಾಗಿ ಡಿಸ್ಕಿನ ಮೇಲೆ ಸಮನಾಗಿ ಕೂತಿರುತ್ತದೆ. ಒಳ್ಳೆಯ ಹಿಡಿತಕ್ಕೆ ಆ ಪದರ ಬೇಕೇ ಬೇಕು. ಎಣ್ಣೆ ಬಿದ್ದಾಗ ಈ ಪದರ ಕೆಡುತ್ತದೆ, ಪ್ಯಾಡು ಒಂದು ಕ್ಷಣ ಹಿಡಿದು ಮರುಕ್ಷಣ ಜಾರುತ್ತದೆ, ಆ ಹಿಡಿತ ಮತ್ತು ಜಾರುವಿಕೆ ಅತಿವೇಗದಲ್ಲಿ ಮರುಕಳಿಸುವಾಗ ಡಿಸ್ಕ್ ತಾಳದಂತೆ ಕಂಪಿಸಿ ಕೂಗುತ್ತದೆ. ಡಿಸ್ಕ್ ಲೋಹವಾದ್ದರಿಂದ ಎಣ್ಣೆ ಅದರ ಮೇಲ್ಮೈಯಲ್ಲೇ ನಿಲ್ಲುತ್ತದೆ, ಒರೆಸಿದರೆ ಹೋಗುತ್ತದೆ. ಪ್ಯಾಡು ಹಾಗಲ್ಲ. ಅದರ ಮೈತುಂಬ ಸೂಕ್ಷ್ಮ ರಂಧ್ರಗಳಿರುವುದರಿಂದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಬಿಸಿಯಾದಾಗ ಮತ್ತೆ ಮೇಲಕ್ಕೆ ಬಿಡುತ್ತದೆ.

ಇದನ್ನು ಹಗುರವಾಗಿ ನೋಡಬಾರದು ಎನ್ನಲು ಒಂದು ಸಣ್ಣ ಲೆಕ್ಕ ಸಾಕು. ಸವಾರ ಮತ್ತು ಸೈಕಲ್ ಸೇರಿ 90 ಕಿಲೊ ತೂಕವಿದ್ದು 100 ಮೀಟರ್ ಎತ್ತರದಿಂದ ಇಳಿದರೆ ಸುಮಾರು 88 ಕಿಲೊಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಶಕ್ತಿ ಸಾಲುತ್ತದೆ. ಗಾಳಿಯ ತಡೆಗೆ ಹೋಗುವ ಪಾಲನ್ನು ಬಿಟ್ಟರೆ ಕಡಿದಾದ ರಸ್ತೆಯಲ್ಲಿ ನಿಧಾನವಾಗಿ ಇಳಿಯುವವನ ಬ್ರೇಕುಗಳೇ ಉಳಿದುದನ್ನೆಲ್ಲ ಶಾಖವಾಗಿ ಹೊರಬೇಕು. ಎಣ್ಣೆ ಕುಡಿದ ಪ್ಯಾಡು ಅಂಗಳದಲ್ಲಿ ತಕ್ಕಮಟ್ಟಿಗೆ ಹಿಡಿದು, ಘಟ್ಟದ ಮೂರನೆಯ ತಿರುವಿನಲ್ಲಿ ಕೈಕೊಡುವುದು ಈ ಶಾಖದಿಂದ.

ಎಲ್ಲ ಕೂಗೂ ಎಣ್ಣೆಯ ಕೂಗಲ್ಲ

ಶಬ್ದವನ್ನು ಮಾತ್ರ ಕೇಳಿ ತೀರ್ಮಾನಕ್ಕೆ ಬರಬಾರದು. ಶಬ್ದದ ಜೊತೆಗೆ ಹಿಡಿತ ಎಷ್ಟು ಕುಂದಿದೆ, ಲಿವರು ಕೈಗೆ ಹೇಗೆ ತೋರುತ್ತದೆ ಎಂಬ ಎರಡನ್ನೂ ನೋಡಬೇಕು. ಸಮತಟ್ಟಾದ, ವಾಹನವಿಲ್ಲದ ಜಾಗದಲ್ಲಿ ನಡಿಗೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಹೋಗಿ, ಒಮ್ಮೆ ಮುಂದಿನ ಬ್ರೇಕನ್ನು ಮಾತ್ರ, ಇನ್ನೊಮ್ಮೆ ಹಿಂದಿನದನ್ನು ಮಾತ್ರ ಒತ್ತಿ ನೋಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಆರೋಗ್ಯವಾಗಿರುವ ಬ್ರೇಕು ಕೆಟ್ಟದ್ದರ ತಪ್ಪನ್ನು ಮುಚ್ಚಿಬಿಡುತ್ತದೆ.

ಲಿವರು ಗಟ್ಟಿಯಾಗಿದ್ದು, ಎಷ್ಟು ಬಲವಾಗಿ ಒತ್ತಿದರೂ ಗಾಲಿ ಜಾರಿಕೊಂಡು ತಿರುಗುತ್ತಿದ್ದರೆ, ಅದರ ಜೊತೆ ಕಿವಿ ಚುಚ್ಚುವ ಕೂಗೂ ಇದ್ದರೆ, ಎಣ್ಣೆಯನ್ನೇ ಮೊದಲು ಶಂಕಿಸಬೇಕು. ಲಿವರು ಮೆತ್ತಗಾಗಿ ಹ್ಯಾಂಡಲ್ಲಿನವರೆಗೆ ಬರುತ್ತಿದ್ದು, ಎರಡು ಮೂರು ಸಲ ಒತ್ತಿದ ಮೇಲೆ ಗಟ್ಟಿಯಾದರೆ ಹೈಡ್ರಾಲಿಕ್ (ದ್ರವದ ಒತ್ತಡದಿಂದ ನಡೆಯುವ) ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿರುವ ಸಂಭವವೇ ಹೆಚ್ಚು. ಮಳೆಯಲ್ಲಿ ಮೊದಲ ಕೆಲವು ಒತ್ತುಗಳಿಗೆ ಕೂಗಿ, ಡಿಸ್ಕ್ ಒಣಗುತ್ತಿದ್ದಂತೆ ಸುಮ್ಮನಾದರೆ ಅದು ಬರೀ ನೀರು. ಬೆಳಗಾವಿಯ ಶ್ರಾವಣದಲ್ಲಿ ಇದು ದಿನನಿತ್ಯದ ಮಾತು, ಚಿಂತೆ ಬೇಡ. ಗಾಲಿಯ ಪ್ರತಿ ಸುತ್ತಿಗೂ ಒಮ್ಮೆ ಸರ್ ಸರ್ ಎಂದು ತಾಗಿದರೆ ಡಿಸ್ಕ್ ಬಾಗಿದೆ. ಲೋಹ ಲೋಹವನ್ನು ಕೆರೆಯುವ ಶಬ್ದ ಬಂದರೆ ಪ್ಯಾಡು ಮುಗಿದಿದೆ ಎಂದರ್ಥ, ಆ ಕ್ಷಣವೇ ಸವಾರಿ ನಿಲ್ಲಿಸಬೇಕು. ಚೌಕಟ್ಟಿನ ತುಂಬ ಗುಂಯ್‌ಗುಡುವ ದಪ್ಪ ಕಂಪನವಿದ್ದರೆ ಕ್ಯಾಲಿಪರಿನ ಅಥವಾ ಡಿಸ್ಕಿನ ಬೋಲ್ಟು ಸಡಿಲವಾಗಿದೆಯೇ ಎಂದು ಅಲೆನ್ ಕೀ ಹಿಡಿದು ನೋಡಿ.

ಗೊಂದಲ ಹುಟ್ಟಿಸುವುದು ಹೊಳಪುಗಟ್ಟಿದ ಪ್ಯಾಡು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಒತ್ತಿಕೊಂಡೇ ಬಂದರೆ ಪ್ಯಾಡಿನ ಮೇಲ್ಮೈ ಶಾಖಕ್ಕೆ ಗಾಜಿನಂತಾಗಿ ಹಿಡಿತ ಕಳೆದುಕೊಳ್ಳುತ್ತದೆ. ನೋಡಲು ಎಣ್ಣೆ ತಗುಲಿದ ಪ್ಯಾಡಿನಂತೆಯೇ ಇರುತ್ತದೆ. ಇವೆರಡರ ವ್ಯತ್ಯಾಸ ತಿಳಿಯುವುದು ಉಜ್ಜಿದ ಮೇಲೆ. ಗಾಜುಗಟ್ಟಿದ ಪ್ಯಾಡು ಮೇಲ್ಪದರ ಹೋದೊಡನೆ ಸರಿಯಾಗಿ ಹಾಗೆಯೇ ಉಳಿಯುತ್ತದೆ. ಎಣ್ಣೆ ಕುಡಿದದ್ದು ಹತ್ತಿಪ್ಪತ್ತು ಸಲ ಚೆನ್ನಾಗಿ ಹಿಡಿದು, ಬಿಸಿಯೇರಿದ ಮೇಲೆ ಮತ್ತೆ ಕೂಗಲು ತೊಡಗುತ್ತದೆ.

ಡಿಸ್ಕಿನ ಮಟ್ಟಿಗೆ ಒಂದು ಸುಲಭದ ಪರೀಕ್ಷೆಯಿದೆ. ಲೋಹಕ್ಕೆ ಲೇಪ ಹಚ್ಚುವ ಕಾರ್ಖಾನೆಗಳಲ್ಲಿ ಇದನ್ನು ನಿತ್ಯ ಬಳಸುತ್ತಾರೆ. ತಣ್ಣಗಿರುವ ಡಿಸ್ಕನ್ನು ಕಳಚಿ ಓರೆಯಾಗಿ ಹಿಡಿದು ಶುದ್ಧ ನೀರನ್ನು ಮೆಲ್ಲಗೆ ಸುರಿಯಿರಿ. ಶುಚಿಯಾದ ಲೋಹದ ಮೇಲೆ ನೀರು ತೆಳುವಾದ ಹಾಳೆಯಂತೆ ಹರಡುತ್ತದೆ. ಜಿಡ್ಡಿರುವಲ್ಲಿ ಆ ಹಾಳೆ ಒಡೆದು, ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಲ್ಲುತ್ತದೆ. ಬಿಳಿ ಅರಿವೆಯಲ್ಲಿ ಒರೆಸಿದಾಗ ಬರುವ ಕಪ್ಪು ಮಾತ್ರ ಸಾಕ್ಷಿಯಲ್ಲ, ಅದು ಪ್ಯಾಡಿನ ಪುಡಿ, ಒಳ್ಳೆಯ ಬ್ರೇಕಿನಲ್ಲೂ ಬರುತ್ತದೆ.

ಎಣ್ಣೆ ಎಲ್ಲಿಂದ ಬಂತು

ಹೊರಗಿನಿಂದ ಬರುವ ಎಣ್ಣೆಗೆ ಬಹುಪಾಲು ನಮ್ಮ ಕೈಯೇ ಕಾರಣ. ಚೈನು ಬಲಗಡೆಗೆ, ಡಿಸ್ಕ್ ಎಡಗಡೆಗೆ ಇರುವುದರಿಂದ ಚೈನಿನ ಎಣ್ಣೆ ಡಿಸ್ಕಿಗೆ ಹೇಗೆ ಬಂದೀತು ಎಂದು ಅನೇಕರು ಕೇಳುತ್ತಾರೆ. ಡಬ್ಬಿಯಿಂದ ಒತ್ತಿ ಸಿಂಪಡಿಸುವ ಎಣ್ಣೆಯ ಮಂಜು ಸ್ಪೋಕುಗಳ ನಡುವೆ ದಾಟಿ ಆಚೆ ಬೀಳುತ್ತದೆ. ಅತಿಯಾಗಿ ಎಣ್ಣೆ ಹಾಕಿದ ಚೈನು ಓಡುವಾಗ ಸುತ್ತಲೂ ಎರಚುತ್ತದೆ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನು ತೊಳೆದರೆ ಕೊಳೆ ಗಾಲಿಯ ನಡುಭಾಗವಾದ ಹಬ್ಬಿನ ಮೇಲೆ ಹರಿಯುತ್ತದೆ. ಚೈನನ್ನು ಚಿಮಣಿ ಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆಯುವ ರೂಢಿ ನಮ್ಮ ಕಡೆಯ ಅಂಗಡಿಗಳಲ್ಲಿ ಬಹಳ ಹಳೆಯದು. ರಿಮ್ಮಿಗೆ ರಬ್ಬರು ಒತ್ತುವ ಬ್ರೇಕಿನ ಕಾಲದಲ್ಲಿ ಅದು ನಡೆಯುತ್ತಿತ್ತು. ಡಿಸ್ಕ್ ಬ್ರೇಕಿನ ಸೈಕಲ್ಲನ್ನು ಆ ಬ್ರಶ್ಶಿನ ಹತ್ತಿರ ಬಿಡಲೇಬಾರದು, ಏಕೆಂದರೆ ಇವೆರಡೂ ಆವಿಯಾದ ಮೇಲೂ ಜಿಡ್ಡಿನ ಪೊರೆ ಉಳಿಸಿ ಹೋಗುತ್ತವೆ.

ಬೆರಳಿನ ಜಿಡ್ಡು ಕೂಡ ಸಾಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಿಂದ ಡಿಸ್ಕನ್ನು ಹಿಡಿದರೆ ಬೆರಳಚ್ಚು ಮೂಡಿದಲ್ಲೆಲ್ಲ ಪ್ಯಾಡು ಅದನ್ನು ಹೀರುತ್ತದೆ. ವಾಹನ ತೊಳೆಯುವ ಅಂಗಡಿಯಲ್ಲಿ ಹೊಡೆಯುವ ಹೊಳಪಿನ ದ್ರಾವಣ, ಟೈರಿಗೆ ಬಳಿಯುವ ಪಾಲಿಶ್ ಇವೂ ಅದೇ ಸಾಲಿಗೆ ಸೇರುತ್ತವೆ. ಮುಂಗಾರಿನ ಮೊದಲ ಮಳೆಯಲ್ಲಿ ರಸ್ತೆಯ ಮೇಲೆ ಕಾಮನಬಿಲ್ಲಿನ ಬಣ್ಣ ತೋರುವ ನೀರು, ಗ್ಯಾರೇಜುಗಳ ಮುಂದಿನ ಕೊಚ್ಚೆ, ಕಬ್ಬಿನ ಟ್ರ್ಯಾಕ್ಟರುಗಳು ಹನಿಸಿ ಹೋದ ಡೀಸೆಲು ತುಸು ಮಾತ್ರ ಮೆತ್ತಿದರೆ ತೊಳೆದಾಗ ಹೋಗುತ್ತವೆ. ಖಾನಾಪುರದ ಕೆಂಪು ಮಣ್ಣಿನ ಬಗ್ಗೆಯೂ ಕೆಲವರಿಗೆ ಸಂಶಯವಿದೆ. ಮಣ್ಣು ಪ್ಯಾಡನ್ನು ಬೇಗ ಸವೆಸುತ್ತದೆ, ಕೆರೆಯುವ ಶಬ್ದ ಮಾಡುತ್ತದೆ, ಆದರೆ ಹಿಡಿತವನ್ನು ಎಣ್ಣೆಯಂತೆ ಕಸಿಯುವುದಿಲ್ಲ.

ಒಳಗಿನಿಂದ ಬರುವ ಎಣ್ಣೆಗೆ ಮೂರು ದಾರಿಗಳಿವೆ. ಶಾಕ್ ಇರುವ ಮುಂದಿನ ಫೋರ್ಕಿನಲ್ಲಿ ಎಣ್ಣೆ ಹೊರಬರದಂತೆ ತಡೆಯುವ ಸೀಲು ಸವೆದರೆ ಆ ಎಣ್ಣೆ ಫೋರ್ಕಿನ ಕಾಲಿನ ಮೇಲಿಂದ ಇಳಿದು ಕ್ಯಾಲಿಪರನ್ನು ಮುಟ್ಟುತ್ತದೆ. ಹಬ್ಬಿಗೆ ಗ್ರೀಸು ಹೆಚ್ಚಾದರೆ ಅದು ಡಿಸ್ಕಿನ ನಡುವಿನಿಂದ ಹೊರಕ್ಕೆ ಗೆರೆಗಳಾಗಿ ಹರಡುತ್ತದೆ. ಮೂರನೆಯದು ನನ್ನನ್ನು ಕಾಡಿದ್ದು: ಕ್ಯಾಲಿಪರಿನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ನಿನ ಸುತ್ತಲಿನ ಸೀಲು ಅಥವಾ ಕೊಳವೆ ಸೇರುವ ಕೀಲು ಜಿನುಗುವುದು. ಕೇಬಲ್ಲಿನಿಂದ ನಡೆಯುವ ಡಿಸ್ಕ್ ಬ್ರೇಕಿನಲ್ಲಿ ದ್ರವವೇ ಇಲ್ಲವಾದ್ದರಿಂದ ಈ ಚಿಂತೆ ಇಲ್ಲ. ಹೈಡ್ರಾಲಿಕ್ ಆಗಿದ್ದರೆ ಪ್ಯಾಡನ್ನು ಹೊರತೆಗೆದು ಅದರ ಬೆನ್ನನ್ನು, ಅಂದರೆ ಪಿಸ್ಟನ್ನು ಒತ್ತುವ ಲೋಹದ ತಗಡನ್ನು ನೋಡಿ. ಉಜ್ಜುವ ಮುಖ ಮಾತ್ರ ಜಿಡ್ಡಾಗಿದ್ದು ಬೆನ್ನು ಒಣಗಿದ್ದರೆ ಎಣ್ಣೆ ಹೊರಗಿನದು. ಬೆನ್ನಿಗೂ ಪಸೆಯಿದ್ದರೆ, ಅದರಲ್ಲೂ ಎರಡು ಪ್ಯಾಡುಗಳಲ್ಲಿ ಒಂದಕ್ಕೆ ಮಾತ್ರ ಇದ್ದರೆ, ಆ ಬದಿಯ ಸೀಲನ್ನು ಶಂಕಿಸಿ. ಈ ಬೆನ್ನನ್ನು ನಾನು ಎರಡು ಸಲವೂ ನೋಡದೆ ಪ್ಯಾಡಿನ ಮುಖವನ್ನೇ ಉಜ್ಜುತ್ತ ಕೂತಿದ್ದೆ.

ಕಾಗದದ ಪರೀಕ್ಷೆ

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ನನ್ನ ಕ್ಯಾಲಿಪರನ್ನು ತೋರಿಸಿದಾಗ ಅವರು ಅದನ್ನು ತಿರುವಿ ನೋಡಿ, "ಕಣ್ಣಿಗೆ ಕಾಣಂಗಿಲ್ರಿ ಸರ, ಇದು ಜಿನಗತೈತಿ. ಮೊದಲ ಎಲ್ಲಾ ಒರಸಿ ಒಣಾ ಮಾಡ್ರಿ, ಆಮ್ಯಾಲೆ ಕಾಗದ ಇಟ್ಟು ರಾತ್ರಿಪೂರಾ ಒತ್ತಿ ಹಿಡೀರಿ. ಸೋರೂದಿದ್ರ ಕಾಗದನ ಹೇಳತೈತಿ" ಎಂದರು. ದೊಡ್ಡ ಯಂತ್ರಗಳಿಗೆ ಅವರು ಮಾಡುವ ಪರೀಕ್ಷೆಯನ್ನೇ ಸೈಕಲ್ಲಿಗೆ ಹೊಂದಿಸಿಕೊಂಡಿದ್ದೇನೆ.

ಗಾಲಿಯನ್ನೂ ಪ್ಯಾಡುಗಳನ್ನೂ ತೆಗೆದು, ಪಿಸ್ಟನ್ನುಗಳನ್ನೂ ಅವುಗಳ ಸುತ್ತಲಿನ ಸಂದನ್ನೂ ಆಲ್ಕೊಹಾಲ್ ತೊಯಿಸಿದ ಅರಿವೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಈ ಹೊತ್ತಿನಲ್ಲಿ ಲಿವರನ್ನು ಮರೆತೂ ಒತ್ತಬಾರದು. ತಡೆಯಲು ಏನೂ ಇಲ್ಲದಿದ್ದರೆ ಪಿಸ್ಟನ್ನು ಹೊರಗೆ ಹಾರಿ ಎಣ್ಣೆಯೆಲ್ಲ ಚೆಲ್ಲುತ್ತದೆ. ಬ್ರೇಕಿನ ಜೊತೆಗೆ ಬರುವ ಪ್ಲಾಸ್ಟಿಕ್ ತುಂಡನ್ನು, ಇಲ್ಲವೇ ಅದೇ ದಪ್ಪದ ಗಟ್ಟಿ ವಸ್ತುವನ್ನು ಎರಡೂ ಬದಿಗೆ ಬಿಳಿ ಟಿಶ್ಯೂ ಕಾಗದ ಸುತ್ತಿ ಪಿಸ್ಟನ್ನುಗಳ ನಡುವೆ ಇಡಿ. ಈಗ ಲಿವರನ್ನು ಒತ್ತಿ, ಹಳೆಯ ಟ್ಯೂಬಿನ ತುಂಡಿನಿಂದ ಹ್ಯಾಂಡಲ್ಲಿಗೆ ಬಿಗಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಉಂಗುರದಂತೆ ಪಸೆಯ ಗುರುತಿದ್ದರೆ ಸೀಲು ಸೋರುತ್ತಿದೆ. ಕೊಳವೆಯ ಕೀಲಿಗೂ ಲಿವರಿನ ಬುಡಕ್ಕೂ ಒಂದೊಂದು ತುಂಡು ಕಾಗದ ಸುತ್ತಿಟ್ಟರೆ ಒಂದೇ ರಾತ್ರಿಯಲ್ಲಿ ಮೂರೂ ಜಾಗಗಳ ತನಿಖೆ ಮುಗಿಯುತ್ತದೆ.

ಸೋರಿದ್ದು ಯಾವ ದ್ರವವೆಂದು ತಿಳಿಯುವುದೂ ಮುಖ್ಯ. ಶಿಮಾನೊ, ಮಾಗುರಾ ಕಂಪನಿಗಳ ಬ್ರೇಕುಗಳು ಮಿನರಲ್ ಎಣ್ಣೆಯನ್ನು ಬಳಸುತ್ತವೆ. ಸ್ರಾಮ್ ಕಂಪನಿಯ ಬಹಳಷ್ಟು ಬ್ರೇಕುಗಳು ಮೋಟರ್ ವಾಹನಗಳ ಬ್ರೇಕಿನಲ್ಲಿ ಬಳಸುವ ಡಾಟ್ ದ್ರವವನ್ನು, ಹೊಸ ಕೆಲವು ಮಾದರಿಗಳು ಮಿನರಲ್ ಎಣ್ಣೆಯನ್ನು ಬಳಸುತ್ತವೆ. ಡಾಟ್ ದ್ರವ ನೀರಿನಲ್ಲಿ ಬೆರೆಯುತ್ತದೆ, ಬಣ್ಣವನ್ನು ತಿನ್ನುತ್ತದೆ; ಮಿನರಲ್ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಮೋಟರ್ ಸೈಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಡಾಟ್ ದ್ರವವೇ ಆದ್ದರಿಂದ ಕಡಿಮೆಯಾದದ್ದನ್ನು ಅದರಿಂದಲೇ ತುಂಬಿಸುವ ಆತುರ ಸಹಜ, ಆದರೆ ಮಿನರಲ್ ಎಣ್ಣೆಗೆಂದು ಮಾಡಿದ ಸೀಲುಗಳು ಡಾಟ್ ತಗುಲಿದರೆ ಉಬ್ಬಿ ಹಾಳಾಗುತ್ತವೆ. ಲಿವರಿನ ಮುಚ್ಚಳದ ಮೇಲೆ ಬರೆದಿರುವುದನ್ನು ಓದದೆ ಒಂದು ಹನಿಯನ್ನೂ ಹಾಕಬೇಡಿ. ಸೀಲನ್ನು ಬಿಡಿಯಾಗಿ ಮಾರದ ತಯಾರಕರೂ ಇದ್ದಾರೆ. ಅಂಥಲ್ಲಿ ಕ್ಯಾಲಿಪರನ್ನೇ ಬದಲಿಸಿ, ಹೊಸ ಎಣ್ಣೆ ತುಂಬಿ ಗಾಳಿ ತೆಗೆಯಬೇಕಾಗುತ್ತದೆ. ನಾನೂ ಹಾಗೆಯೇ ಮಾಡಬೇಕಾಯಿತು.

ತೊಳೆಯುವ ಕ್ರಮ

ಮೂಲ ಸಿಕ್ಕಿದ ಮೇಲೆ ತೊಳೆಯುವುದು ಕಷ್ಟವಲ್ಲ. ಡಿಸ್ಕ್ ತಣ್ಣಗಾಗಿರಲಿ, ತಿರುಗುವ ಡಿಸ್ಕಿನ ಹತ್ತಿರ ಬೆರಳು ಒಯ್ಯಬೇಡಿ. ಅದರ ತೂತುಗಳಲ್ಲಿ ಸಿಕ್ಕ ಬೆರಳು ತುಂಡಾಗಬಹುದು. ಆರು ಬೋಲ್ಟಿನ ಡಿಸ್ಕನ್ನು ಟಿ25 ಗಾತ್ರದ ನಕ್ಷತ್ರ ಮೊನೆಯ ಕೀಲಿಯಿಂದ ಬಿಚ್ಚಿ, ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವ ಸಾಬೂನಿನಲ್ಲಿ ಹೊಸ ಬ್ರಶ್ಶಿನಿಂದ ತಿಕ್ಕಿ, ಸಾಬೂನಿನ ಅಂಶ ಉಳಿಯದಂತೆ ಜಾಲಿಸಿ ಒಣಗಿಸಿ. ಅಡುಗೆಮನೆಯ ಹಳೆಯ ಬ್ರಶ್ಶು ಬೇಡ, ಅದರ ಕೂದಲಲ್ಲಿ ಒಗ್ಗರಣೆಯ ಜಿಡ್ಡು ಇದ್ದೇ ಇರುತ್ತದೆ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡೂ ಮುಖ ಒರೆಸಿ. ಪ್ರತಿ ಒರೆತಕ್ಕೂ ಅರಿವೆಯ ಹೊಸ ಮಗ್ಗುಲು ಬಳಸಿ, ಇಲ್ಲವಾದರೆ ಎಣ್ಣೆ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಕೊನೆಗೆ ಮೇಲೆ ಹೇಳಿದ ನೀರಿನ ಪರೀಕ್ಷೆ ಮಾಡಿ, ಒಣಗಿಸಿ.

ಮೊಬೈಲ್ ದುರಸ್ತಿಯವರು ಬಳಸುವ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಈ ಕೆಲಸಕ್ಕೆ ಸರಿಯಾದದ್ದು. ಕೋವಿಡ್ ಕಾಲದಿಂದ ಮನೆಯಲ್ಲಿ ಉಳಿದ ಸ್ಯಾನಿಟೈಜರನ್ನು ಬಳಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಕೈಯುಜ್ಜುವ ದ್ರವದ ಮಿಶ್ರಣದಲ್ಲೇ ಚರ್ಮ ಒಣಗದಿರಲೆಂದು 1.45 ಪ್ರತಿಶತ ಗ್ಲಿಸರಾಲ್ ಇದೆ. ಕೈಗೆ ಹಿತವಾದ ಆ ಜಿಡ್ಡು ಡಿಸ್ಕಿಗೆ ಹಿತವಲ್ಲ. ಪೆಟ್ರೋಲನ್ನಂತೂ ಯೋಚಿಸಲೇಬೇಡಿ. ಆಲ್ಕೊಹಾಲ್ ಕೂಡ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ದೇವರ ದೀಪ, ಒಲೆ, ಬೀಡಿ ಯಾವುದೂ ಹತ್ತಿರವಿರದ ತೆರೆದ ಜಾಗದಲ್ಲಿ ಕೆಲಸ ಮಾಡಿ.

ಡಿಸ್ಕ್ ಕಳಚಿದಾಗಲೇ ಅದರ ದಪ್ಪವನ್ನೂ ಅಳೆಯಿರಿ. ಶಿಮಾನೊ ಡಿಸ್ಕ್ ಹೊಸದಾಗಿದ್ದಾಗ 1.8 ಮಿಲಿಮೀಟರ್ ಇರುತ್ತದೆ, 1.5ಕ್ಕೆ ಇಳಿದರೆ ಬದಲಿಸಬೇಕು. ಬೇರೆ ತಯಾರಕರ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ.

ಪ್ಯಾಡನ್ನು ಉಳಿಸಬಹುದೇ

ಬೆರಳಚ್ಚು, ರಸ್ತೆಯ ಸಿಡಿತ ಮೊದಲಾದ ಅಲ್ಪ ಜಿಡ್ಡಾದರೆ ಉಳಿಸಬಹುದು. ಸಮತಟ್ಟಾದ ಗಾಜು ಅಥವಾ ಕಡಪಾ ಕಲ್ಲಿನ ಮೇಲೆ 120 ನಂಬರಿನ ಪಾಲಿಶ್ ಪೇಪರ್ ಹಾಸಿ, ಪುಡಿ ಏಳದಂತೆ ತುಸು ನೀರು ಚಿಮುಕಿಸಿ, ಪ್ಯಾಡನ್ನು ವೃತ್ತಾಕಾರವಾಗಿ ಉಜ್ಜಿ, ಹೊಳಪು ಮಾಯವಾಗಿ ಒರಟು ಬೂದುಬಣ್ಣ ಬಂದಾಗ ನಿಲ್ಲಿಸಿ. ಮುಖಕ್ಕೆ ಮಾಸ್ಕ್ ಇರಲಿ, ಈ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಉಜ್ಜಿದ ಮೇಲೆ ಆಲ್ಕೊಹಾಲ್‌ನಿಂದ ತೊಳೆದು ಒಣಗಿಸಿ. ಉಜ್ಜುವ ವಸ್ತು 0.5 ಮಿಲಿಮೀಟರಿನಷ್ಟೇ ಉಳಿದಿದ್ದರೆ ಈ ಶ್ರಮ ಬೇಡ, ಪ್ಯಾಡು ಎಸೆಯಿರಿ.

ಬ್ರೇಕಿನ ದ್ರವವೋ ಚೈನಿನ ಎಣ್ಣೆಯೋ ಚೆನ್ನಾಗಿ ನೆನೆದಿದ್ದರೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಪ್ಯಾಡನ್ನು ಬದಲಿಸಿ. ಗ್ಯಾಸ್ ಒಲೆಯ ಮೇಲೆ ಸುಟ್ಟು ಎಣ್ಣೆ ತೆಗೆಯುವವರಿದ್ದಾರೆ. ರಾಳದಿಂದ ಮಾಡಿದ ಪ್ಯಾಡಿನಲ್ಲಿ ಆ ಬೆಂಕಿಗೆ ರಾಳವೇ ಸುಟ್ಟು, ವಸ್ತು ತನ್ನ ತಗಡಿನಿಂದ ಬಿಟ್ಟುಬರುವ ಅಪಾಯವಿದೆ. ಏಳುವ ಹೊಗೆಯೂ ಅಡುಗೆಮನೆಗೆ ತಕ್ಕದ್ದಲ್ಲ. ಲೋಹದ ಪುಡಿಯಿಂದ ಮಾಡಿದ ಪ್ಯಾಡು ಶಾಖವನ್ನು ತಡೆದುಕೊಂಡರೂ ಒಳಗಿನ ಎಣ್ಣೆ ಪೂರ್ತಿ ಹೋಯಿತೆಂದು ಖಚಿತಪಡಿಸಿಕೊಳ್ಳುವ ದಾರಿ ಮನೆಯಲ್ಲಿಲ್ಲ. ಹೊಸ ಪ್ಯಾಡು ಕೊಳ್ಳುವಾಗ ಡಿಸ್ಕಿನ ಮೇಲೆ ರೆಸಿನ್ (ರಾಳದ) ಪ್ಯಾಡು ಮಾತ್ರ ಎಂದು ಬರೆದಿದ್ದರೆ ಲೋಹದ ಪ್ಯಾಡು ಹಾಕಬೇಡಿ, ಡಿಸ್ಕ್ ಬಹುಬೇಗ ಸವೆಯುತ್ತದೆ. ಹೊಸದನ್ನು ಅಂಚು ಹಿಡಿದೇ ಜೋಡಿಸಿ, ಉಜ್ಜುವ ಮುಖಕ್ಕೆ ಬೆರಳು ತಾಗದಿರಲಿ.

ಹದಗೊಳಿಸುವುದು

ತೊಳೆದ ಡಿಸ್ಕಿನ ಮೇಲೆ ಆ ತೆಳ್ಳಗಿನ ಪದರ ಮತ್ತೆ ಕೂರುವವರೆಗೆ ಬ್ರೇಕು ಪೂರ್ಣ ಬಲ ಕೊಡುವುದಿಲ್ಲ. ಇದನ್ನು ತಿಳಿಯದೆ, ಹೊಸ ಪ್ಯಾಡು ಹಾಕಿದೊಡನೆ ಹಿಡಿಯಲಿಲ್ಲವೆಂದು ಮತ್ತೆ ಬಿಚ್ಚುವವರನ್ನು ಕಂಡಿದ್ದೇನೆ. ಯಳ್ಳೂರಿನ ಕಡೆಯ ಹೊಲಗಳ ನಡುವಿನ ರಸ್ತೆಯಂಥ ಒಣಗಿದ, ಸಮತಟ್ಟಾದ, ವಾಹನ ವಿರಳವಾದ ಜಾಗದಲ್ಲಿ ಗಂಟೆಗೆ 20 ಕಿಲೊಮೀಟರ್ ವೇಗಕ್ಕೆ ಏರಿ, ಒಂದೇ ಬ್ರೇಕಿನಿಂದ, ಗಾಲಿ ಲಾಕ್ ಆಗದಂತೆ ಸಮನಾಗಿ ಒತ್ತಿ, ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲುವ ಮೊದಲೇ ಬಿಟ್ಟುಬಿಡಿ. ನಿಂತುಬಿಟ್ಟರೆ ಬಿಸಿಯಾದ ಪ್ಯಾಡು ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ, ಪದರ ಏರುಪೇರಾಗಿ, ಮತ್ತೊಂದು ಬಗೆಯ ಕಂಪನ ಹುಟ್ಟುತ್ತದೆ. ಹೀಗೆ ಸುಮಾರು 20 ಸಲ ಮಾಡಿ, ಡಿಸ್ಕ್ ತಣಿದ ಮೇಲೆ ತುಸು ಹೆಚ್ಚಿನ ವೇಗದಿಂದ ಇನ್ನೂ 10 ಸಲ ಮಾಡಿದರೆ ಹಿಡಿತ ಒತ್ತಿನಿಂದ ಒತ್ತಿಗೆ ಬಲಗೊಳ್ಳುವುದು ಕೈಗೇ ತಿಳಿಯುತ್ತದೆ. ಮುಂದಿನ ಬ್ರೇಕಿಗೂ ಇದೇ ಕ್ರಮ, ಆದರೆ ದೇಹದ ತೂಕವನ್ನು ಹಿಂದಕ್ಕೆ ಇಟ್ಟುಕೊಂಡು.

ಹಿಡಿತ ಬಲಗೊಳ್ಳುವ ಬದಲು ಕೊನೆಯ ಹತ್ತು ಒತ್ತುಗಳಲ್ಲಿ ಕುಂದುತ್ತ ಹೋದರೆ, ಕೂಗು ಮೆಲ್ಲಗೆ ಮರಳಿದರೆ, ಎಣ್ಣೆ ಇನ್ನೂ ಒಳಗಿದೆ. ಪ್ಯಾಡಿನ ಬೆನ್ನನ್ನು ಮತ್ತೊಮ್ಮೆ ನೋಡಿ. ಕುಂದದಿದ್ದರೂ ಒಂದು ವಾರ ಊರೊಳಗಿನ ರಸ್ತೆಯಲ್ಲಿ ಓಡಿಸಿ, ಕಾಗದದ ಪರೀಕ್ಷೆಯನ್ನು ಇನ್ನೊಂದು ರಾತ್ರಿ ಮಾಡುವುದು ಒಳ್ಳೆಯದು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಟ್ಟ ಇಳಿಯುವ ಯೋಚನೆ ಇರುವವರು ಆ ಎರಡನೆಯ ಕಾಗದ ಒಣಗಿಯೇ ಇರುವುದನ್ನು ನೋಡಿದ ಮೇಲೆ ಹೊರಡಬೇಕು. ಹೊಸ ಕ್ಯಾಲಿಪರ್ ಕೂರಿಸಿದ ಮೇಲೆ ನಾನು ಇಟ್ಟ ಕಾಗದ ಬೆಳಿಗ್ಗೆ ಇಟ್ಟ ಹಾಗೆಯೇ ಬಿಳಿಯಾಗಿತ್ತು.